ಕಡಲ ನಕ್ಷತ್ರವೂ ಹೊಲದ ಕಪ್ಪೆಯೂ

ಹೊಸ ಪ್ರಾಣಿಯೊಂದನ್ನು ಶಾಸ್ತ್ರಜ್ಞರು ಕಂಡುಹಿಡಿದರು ಎಂಬ ಸುದ್ದಿ ವೃತ್ತಪತ್ರಿಕೆಗಳಲ್ಲಿ ಆಗಾಗ್ಗೆ ಬರುವುದುಂಟು. ಅದನ್ನು ಓದಿದ ಕೂಡಲೆ ನಮ್ಮ ಮನಸ್ಸು ಬಹುದೂರಕ್ಕೆ ಹಾರಿಹೋಗುತ್ತದೆ. ಮನುಷ್ಯ ಸಂಚಾರವಿಲ್ಲದ ಮಹಾರಣ್ಯ, ಸೂರ್ಯರಶ್ಮಿ ಮುಟ್ಟದ ಸಮುದ್ರದ ತಳ, ಅಲ್ಲಿ ಬಲೆ ಬೀಸಿ ಮೇಲಕ್ಕೆಳೆದ ವಿಚಿತ್ರಾಕಾರದ ಜೀವಿಗಳು, ಹೀಗೆ ಚಿತ್ರಗಳು ಕಣ್ಣೆದುರು ಸುಳಿಯುತ್ತವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ಹೆಸರುಗಳು ಅಂಥ ಸಮಯದಲ್ಲಿ ಯಾರ ನೆನಪಿಗೂ ಬಾರವು. ನಮ್ಮದು ರೇಷ್ಮೆ, ರಾಗಿ, ದ್ರಾಕ್ಷಿ, ಆಲೂಗೆಡ್ಡೆಗಳ ಸೀಮೆ. ಯಾವ ದಿಕ್ಕಿಗೆ ಹೊರಟರೂ ಕಡಲು ಸಿಕ್ಕಬೇಕಾದರೆ ೨೦೦ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬೇಕು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೊದಲಾದ ನದಿಗಳು ನಂದಿಬೆಟ್ಟದ ಸುತ್ತುಮುತ್ತಲೆ ಹುಟ್ಟುತ್ತವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆಯೇ ಹೊರತು, ಆ ನದಿಗಳಲ್ಲಿ ನೀರನ್ನು ಕಾಣುವ ಭಾಗ್ಯ ವರ್ಷದಲ್ಲಿ ಬಹುದಿನ ಇರುವುದಿಲ್ಲ. ಇಂಥ ಒಣನೆಲದಲ್ಲಿ ಹೊಸ ಜೀವಿಯ ಮಾತು ಎಲ್ಲಿಂದ ಬಂತು ಎಂದು ಕೇಳುವವರು ಕೇಳಬಹುದು. ಅದನ್ನು ಹೇಳುವುದಕ್ಕಾಗಿಯೇ ನಾನು ಈ ದಿನ ಮೊದಲು ತಮ್ಮನ್ನು ಸ್ವಲ್ಪ ಹೊತ್ತು ಕಡಲಿಗೇ ಕರೆದುಕೊಂಡುಹೋಗುತ್ತೇನೆ. ಆಮೇಲೆ ಗೌರಿಬಿದನೂರಿನ ರಸ್ತೆಗೆ ಬರೋಣ.

“ಹೊಸದು” ಎಂಬ ಮಾತಿನ ಅರ್ಥವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಪ್ರಾಣಿಶಾಸ್ತ್ರಜ್ಞನು ಹೊಸ ಪ್ರಾಣಿಯನ್ನು ಸೃಷ್ಟಿಸುವುದಿಲ್ಲ. ಬಹುಸಲ ಅವನು ಅದನ್ನು ಮೊದಲು ಕಂಡವನೂ ಅಲ್ಲ. ಬೆಸ್ತನ ಬಲೆಯಲ್ಲಿ, ರೈತನ ಗುದ್ದಲಿಯ ಕೆಳಗೆ ಅದು ಸಾವಿರಾರು ಸಲ ಬಿದ್ದಿರುತ್ತದೆ. ಆ ಜೀವಿಯು ಇತರ ಎಲ್ಲ ಜೀವಿಗಳಿಂದ ಬೇರೆ ಎಂಬುದನ್ನು ಲಕ್ಷಣಸಹಿತವಾಗಿ ನಿರೂಪಿಸಿ, ಅದಕ್ಕೊಂದು ಹೆಸರನ್ನಿಟ್ಟು, ಅಚ್ಚಿನಲ್ಲಿ ಪ್ರಕಟಿಸುವುದಷ್ಟೆ ಅವನ ಕೆಲಸ. ಪ್ರಾಣಿಗಳ ಮಟ್ಟಿಗೆ ಈ ಹೆಸರಿಡುವ ಶಕೆ ಆರಂಭವಾಗುವುದು ೧೭೫೮ನೆಯ ಇಸವಿಯಿಂದ. ಸ್ವೀಡನ್ ದೇಶದ ಲಿನೀಯಸನ ಮಹಾಗ್ರಂಥದ ಹತ್ತನೆಯ ಮುದ್ರಣ ಆ ವರ್ಷದ್ದು. ಅದಕ್ಕಿಂತ ಹಿಂದಿನ ಹೆಸರುಗಳು ಎಷ್ಟೇ ಸೊಗಸಾಗಿದ್ದರೂ ಶಾಸ್ತ್ರದ ದೃಷ್ಟಿಯಲ್ಲಿ ಲೆಕ್ಕಕ್ಕೆ ಬಾರವು. ಅವನು ಏರ್ಪಡಿಸಿದ ಪದ್ಧತಿಯಲ್ಲಿ ಪ್ರತಿಯೊಂದು ಜೀವಿಗೂ ಎರಡು ಮಾತಿನ ಹೆಸರು; ಮೊದಲನೆಯದು ಮನೆತನದ ಹೆಸರಿನಂತೆ ಜಾತಿಯನ್ನೂ, ಎರಡನೆಯದು ಸ್ವಂತ ಹೆಸರಿನಂತೆ ಪ್ರಭೇದವನ್ನೂ ಸೂಚಿಸುತ್ತದೆ.

ಕಡಲ ನಕ್ಷತ್ರವನ್ನೇ ತೆಗೆದುಕೊಳ್ಳಿ. ನಕ್ಷತ್ರಮೀನು ಎಂದು ನಾವು ಕರೆಯುವ ಈ ಪ್ರಾಣಿ ಮೀನಲ್ಲ. ಇದಕ್ಕೆ ಬೆನ್ನೆಲುಬಿಲ್ಲ, ತಲೆಯೆಂದು ಬೊಟ್ಟುಮಾಡಿ ತೋರಿಸಬಹುದಾದ ಭಾಗವಿಲ್ಲ, ಕಿವಿರಿಲ್ಲ, ಈಜುರೆಕ್ಕೆಯಿಲ್ಲ. ನಡುವೆ ಒಂದು ತಟ್ಟೆ, ಅದರಿಂದ ಹೊರಟ ತೋಳುಗಳು. ಸಾಮಾನ್ಯವಾಗಿ ಐದು, ಕೆಲವಕ್ಕೆ ಹತ್ತು, ಇನ್ನು ಕೆಲವಕ್ಕೆ ಇಪ್ಪತ್ತನ್ನೂ ಮೀರಿ. ತೋಳಿನ ಅಡಿಯಲ್ಲಿ ಸಾಲಾಗಿರುವ ನೂರಾರು ಮೃದುವಾದ ಕೊಳವೆಗಾಲುಗಳನ್ನು ಅದು ಒಳಗಿನ ನೀರಿನ ಒತ್ತಡದಿಂದ ಚಾಚುತ್ತದೆ, ಎಳೆದುಕೊಳ್ಳುತ್ತದೆ. ಆ ನೀರಿನ ವ್ಯವಸ್ಥೆಗೆ ಬೆನ್ನಿನ ಮೇಲೊಂದು ಜರಡಿಯಂಥ ಬಾಗಿಲಿದೆ. ಚಿಪ್ಪಿನ ಪ್ರಾಣಿಯೊಂದು ಸಿಕ್ಕರೆ ಈ ಕಾಲುಗಳಿಂದ ಚಿಪ್ಪಿನ ಎರಡು ಹೋಳನ್ನೂ ಹಿಡಿದು ಕೊಂಚ ಬಿರಿಯುವಂತೆ ಎಳೆದು, ಆ ಸಂದಿಯೊಳಕ್ಕೆ ತನ್ನ ಜಠರವನ್ನೇ ಹೊರಚಾಚಿ ತೂರಿಸಿ, ಅಲ್ಲಿಯೇ ಜೀರ್ಣಿಸಿಕೊಳ್ಳುವ ಜಾತಿಗಳೂ ಇವೆ. ನಾವು ಅಡಿಗೆಯ ಮನೆಯಿಂದ ಊಟದ ಎಲೆಗೆ ಅನ್ನವನ್ನು ತರುತ್ತೇವೆ. ಇದು ಅಡಿಗೆಯ ಮನೆಯನ್ನೇ ಎಲೆಯ ಬಳಿಗೆ ಒಯ್ಯುತ್ತದೆ.

ಲಿನೀಯಸನಿಗೆ ಗೊತ್ತಿದ್ದ ಕಡಲ ನಕ್ಷತ್ರಗಳು ಕೆಲವೇ. ಅವೆಲ್ಲವನ್ನೂ ಅವನು ಆಸ್ಟೀರಿಯಾಸ್ ಎಂಬ ಒಂದೇ ಜಾತಿಯಲ್ಲಿ ತುಂಬಿದ. ಇಂದು ಬದುಕಿರುವ ಕಡಲ ನಕ್ಷತ್ರಗಳಲ್ಲಿ ಸುಮಾರು ೧೯೦೦ ಪ್ರಭೇದಗಳು ವರ್ಣಿತವಾಗಿವೆ, ಇನ್ನೂ ಆಗುತ್ತಿವೆ. ಹಾಗೆ ವರ್ಣಿಸುವುದು ಹೇಗೆ? ಕವಿಯ ವರ್ಣನೆಗೂ ಇದಕ್ಕೂ ಬಹಳ ದೂರ. ತಟ್ಟೆಯ ನಡುವಿನಿಂದ ತೋಳಿನ ತುದಿಗೆ ಎಷ್ಟು ದೂರ, ಅದೇ ನಡುವಿನಿಂದ ಎರಡು ತೋಳುಗಳ ಸಂದಿಗೆ ಎಷ್ಟು ದೂರ, ಈ ಎರಡರ ಪ್ರಮಾಣವೇನು ಎಂಬುದು ಮೊದಲನೆಯ ಪ್ರಶ್ನೆ. ತೋಳಿನ ಅಂಚಿನ ಫಲಕಗಳು ಎಷ್ಟು, ಅವುಗಳ ಮೇಲೆ ಮುಳ್ಳಿದೆಯೆ, ಬರಿಯ ಹರಳಿದೆಯೆ, ಬೆನ್ನಿನ ಮೇಲಿನ ಪುಟ್ಟ ಚಿಮುಟಗಳು ಯಾವ ಆಕಾರದವು, ಬಾಯಿಯ ಸುತ್ತಿನ ಮುಳ್ಳುಗಳ ಲೆಕ್ಕವೆಷ್ಟು ಎಂಬುದೆಲ್ಲ ಆಮೇಲೆ. ಬಣ್ಣವನ್ನು ಕೊನೆಗೆ ಹೇಳುತ್ತಾರೆ. ಏಕೆಂದರೆ ಮದ್ಯಸಾರದ ಜಾಡಿಗೆ ಬಿದ್ದ ಕೆಲವು ದಿನಗಳಲ್ಲಿಯೆ ಬಣ್ಣ ಹೊರಟುಹೋಗುತ್ತದೆ. ಓದುವುದಕ್ಕೆ ಇದು ಜಮೀನಿನ ಚಕ್ಕುಬಂದಿಯಷ್ಟೇ ನೀರಸ. ಚಕ್ಕುಬಂದಿಯಷ್ಟೇ ಅವಶ್ಯಕ ಕೂಡ.

ನಮ್ಮ ಸುತ್ತಲಿನ ಸಮುದ್ರಗಳ ಆಳದ ನಕ್ಷತ್ರಗಳನ್ನು ಹೀಗೆ ಮೊದಲು ವರ್ಣಿಸಿದವರಲ್ಲಿ ಮುಖ್ಯರು ಆಲ್ಕಾಕ್ ಎಂಬವರು. ವೃತ್ತಿಯಿಂದ ವೈದ್ಯರು. ಸಮುದ್ರಮಾಪನದ ‘ಇನ್‌ವೆಸ್ಟಿಗೇಟರ್’ ಹಡಗಿನಲ್ಲಿ ೧೮೮೮ರಿಂದ ೧೮೯೨ರವರೆಗೆ ವೈದ್ಯರಾಗಿಯೂ ಪ್ರಕೃತಿಶಾಸ್ತ್ರಜ್ಞರಾಗಿಯೂ ಇದ್ದು, ಬಂಗಾಳ ಕೊಲ್ಲಿ, ಅಂಡಮಾನ್ ಸಮುದ್ರ, ಲಕ್ಷದ್ವೀಪದ ಕಡಲುಗಳಲ್ಲಿ ಬಲೆಯನ್ನು ಆಳಕ್ಕೆ ಇಳಿಸಿ ಸಂಗ್ರಹಿಸಿದರು. ಆಳಸಮುದ್ರದ ನಕ್ಷತ್ರಗಳನ್ನು ಕುರಿತ ಅವರ ಲೇಖನ ೧೮೯೩ರಲ್ಲಿ ಪ್ರಕಟವಾಯಿತು. ಅವರು ಬಳಿಕ ಕಲ್ಕತ್ತೆಯ ವಸ್ತುಸಂಗ್ರಹಾಲಯದ ಮುಖ್ಯಾಧಿಕಾರಿಯಾದರು. ಸಂಗ್ರಹವೂ ಅಲ್ಲಿಯೇ ನೆಲೆಸಿತು.

ಕಡಲಿನ ಇನ್ನೊಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಿಲ್ಲ. ನ್ಯೂಜೀಲೆಂಡಿನ ಬಳಿ ೧೦೦೦ ಮೀಟರಿಗೂ ಹೆಚ್ಚಿನ ಆಳದಲ್ಲಿ ಮುಳುಗಿದ್ದ ಮರದ ತುಂಡುಗಳನ್ನು ಮೇಲಕ್ಕೆತ್ತಿದಾಗ, ಅವುಗಳಿಗೆ ಅಂಟಿಕೊಂಡು ಕೆಲವೇ ಮಿಲಿಮೀಟರು ಅಗಲದ ಬಿಲ್ಲೆಯಂಥ ಪ್ರಾಣಿಗಳು ಸಿಕ್ಕಿದುವು. ಇವಕ್ಕೆ ತೋಳಿಲ್ಲ; ಸೇವಂತಿಗೆಯ ಹೂವನ್ನು ಚಪ್ಪಟೆಮಾಡಿ ಇಟ್ಟಂತೆ ಅಂಚಿನ ಸುತ್ತಲೂ ಮುಳ್ಳಿನ ಸಾಲು. ೧೯೮೬ರಲ್ಲಿ ಬೇಕರ್, ರೋ, ಕ್ಲಾರ್ಕ್ ಎಂಬ ಮೂವರು ಇವಕ್ಕೆ ಝೈಲೋಪ್ಲ್ಯಾಕ್ಸ್ ಎಂದು ಹೆಸರಿಟ್ಟು, ಇದೊಂದು ಹೊಸ ಪ್ರಭೇದ ಮಾತ್ರವಲ್ಲ, ಹೊಸದಾದ ಒಂದು ವರ್ಗವೇ ಎಂದು ಸಾರಿದರು. ಪಕ್ಷಿವರ್ಗ, ಸಸ್ತನಿವರ್ಗ ಎನ್ನುವಂಥ ದೊಡ್ಡ ಮೆಟ್ಟಿಲು ಅದು. ಪಂಡಿತವರ್ಗದಲ್ಲಿ ದೊಡ್ಡ ಗದ್ದಲವೆದ್ದಿತು. ಬಳಿಕ ಬಂದ ಪರಿಶೀಲನೆಗಳಿಂದ, ಇವು ವಿಶೇಷವಾಗಿ ಮಾರ್ಪಟ್ಟ ಕಡಲ ನಕ್ಷತ್ರಗಳೇ ಎಂಬ ಅಭಿಪ್ರಾಯ ಬಲಪಟ್ಟಿತು. ವರ್ಗದ ಗದ್ದುಗೆ ಹೋಯಿತು, ಹೆಸರು ಉಳಿಯಿತು. ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಮೊದಲ ವಿದ್ವಾಂಸರು ನೋಡಿದ ಅದೇ ಪ್ರಾಣಿಗಳನ್ನು ಎರಡನೆಯವರೂ ನೋಡಬಹುದಾಗಿತ್ತು. ವಾದ ಎಷ್ಟೇ ಬೆಳೆಯಲಿ, ವಸ್ತು ಜಾಡಿಯಲ್ಲಿ ಭದ್ರವಾಗಿತ್ತು.

ಈ ಜಾಡಿಯ ವಿಚಾರವೇ ನನ್ನ ಮಾತಿನ ಮರ್ಮ. ಪ್ರಭೇದವೊಂದಕ್ಕೆ ಹೆಸರಿಡುವಾಗ, “ಈ ಹೆಸರು ಈ ಒಂದು ಪ್ರಾಣಿಗೆ ಸೇರಿದ್ದು” ಎಂದು ನಿರ್ದಿಷ್ಟವಾದ ಒಂದು ದೇಹವನ್ನು ತೋರಿಸಿ, ಗುರುತುಚೀಟಿ ಕಟ್ಟಿ, ಸಂಗ್ರಹಾಲಯದಲ್ಲಿ ಇಡಬೇಕು. ಅದಕ್ಕೆ ಮೂಲಮಾದರಿ ಎನ್ನೋಣ. ಅದು ಸಿಕ್ಕಿದ ಸ್ಥಳಕ್ಕೆ ಮೂಲಸ್ಥಳ. ಕ್ರಯಪತ್ರದ ನಕಲುಗಳು ಎಷ್ಟಾದರೂ ಇರಲಿ, ತಕರಾರು ಬಂದಾಗ ನ್ಯಾಯಾಧೀಶನು ಕೇಳುವುದು ಮೂಲಪತ್ರವನ್ನು. ಪ್ರಾಣಿಯ ಹೆಸರಿನ ಮೂಲಪತ್ರ ಈ ದೇಹ. ಅಚ್ಚಿನ ವರ್ಣನೆಯಲ್ಲಿ ಬರೆಯದೆ ಬಿಟ್ಟ ಲಕ್ಷಣವೊಂದು ನೂರು ವರ್ಷದ ಬಳಿಕ ಮುಖ್ಯವಾಗಿ ಪರಿಣಮಿಸಿದರೆ, ಅದನ್ನು ಹೋಗಿ ನೋಡುವುದಕ್ಕೆ ಇರುವುದು ಇದೊಂದೇ. ಮೂಲಪತ್ರ ಕಳೆದುಹೋದರೆ? ಆಗ ಆಗುವ ಕಷ್ಟವನ್ನು ನಮ್ಮ ನಾಡಿನ ಪ್ರಾಣಿಶಾಸ್ತ್ರ ಚೆನ್ನಾಗಿ ಅನುಭವಿಸಿದೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಶಾಖೆಯನ್ನು ಕಟ್ಟಿದವರು ಪ್ರೊಫೆಸರ್ ಸಿ. ಆರ್. ನಾರಾಯಣರಾಯರು. ೧೮೮೨ರಲ್ಲಿ ಹುಟ್ಟಿದವರು, ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದವರು. ೧೯೩೨ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರಿಗೆ ಕಪ್ಪೆಗಳಲ್ಲಿ ವಿಶೇಷ ಆಸಕ್ತಿ. ಕೊಡಗಿನ ಭಾಗಮಂಡಲ, ಸಕಲೇಶಪುರ, ಕೊಟ್ಟಿಗೆಹಾರ ಮೊದಲಾದ ಮಲೆನಾಡಿನ ಸ್ಥಳಗಳಿಂದ ಬಂದ ಕಪ್ಪೆಗಳನ್ನು ಅವರು ೧೯೨೦ರಿಂದ ಆರಂಭಿಸಿ ವರ್ಣಿಸತೊಡಗಿದರು. ೧೯೩೭ರಲ್ಲಿ ಇಂಡಿಯನ್ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನವೊಂದೇ ಅನೇಕ ಹೊಸ ಹೆಸರುಗಳನ್ನು ತಂದಿತು. ಭಾಗಮಂಡಲದ ಜೌಗಿನಲ್ಲಿ ಸಿಕ್ಕಿದ ಒಂದು ಕಪ್ಪೆಗೆ ಪವಿತ್ರವಾದ ಜೌಗಿನದು ಎಂದು ಅರ್ಥವಾಗುವ ಲ್ಯಾಟಿನ್ ಹೆಸರು. ಕಾವೇರಿಯ ಹುಟ್ಟೂರಿಗೆ ಇಷ್ಟು ಗೌರವ ಸಲ್ಲಿಸಿದ ಕಪ್ಪೆ ಬೇರೆ ಇಲ್ಲ. ಕೊಟ್ಟಿಗೆಹಾರದಂಥ ಊರಿನ ಹೆಸರು ಲೋಕದ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲೆಲ್ಲ ಸೇರಿದುದೂ ಅವರಿಂದಲೆ.

ಮಾದರಿಗಳನ್ನು ಅವರು ಕಾಲೇಜಿನಲ್ಲಿಯೇ ಇಟ್ಟರು. ಅವು ಈಗ ಇಲ್ಲ. ಕಲ್ಕತ್ತೆಯ ಸಂಗ್ರಹವೂ ಕಷ್ಟಕ್ಕೆ ಹೊರತಾಗಲಿಲ್ಲವೆನ್ನಿ. ೧೯೧೬ರಲ್ಲಿ ಸ್ಥಾಪಿತವಾದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಜಾಡಿಗಳನ್ನು, ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ೧೯೪೨ರಲ್ಲಿ ಕಾಶಿಗೆ ಸಾಗಿಸಿದರು. ೧೯೪೩ರಲ್ಲಿ ಅಲ್ಲಿನ ವರುಣಾ ನದಿ ಉಕ್ಕಿ ಬಹಳಷ್ಟು ವಸ್ತು ಹಾಳಾಯಿತು. ಬೆಂಕಿಯನ್ನು ತಪ್ಪಿಸಿಕೊಂಡು ವರುಣನ ಕೈಗೆ ಸಿಕ್ಕಂತಾಯಿತು. ಆದರೆ ಅಲ್ಲಿ ನಷ್ಟವನ್ನು ಎಣಿಸುವುದಕ್ಕೆ ದಫ್ತರವಿತ್ತು, ಉಳಿದುದನ್ನು ಒಣಗಿಸಿ ಜೋಡಿಸುವುದಕ್ಕೆ ಜನರಿದ್ದರು. ಕಾಲೇಜುಗಳ ಸಂಗ್ರಹಕ್ಕೆ ಆ ಭಾಗ್ಯವಿರುವುದು ಅಪರೂಪ. ಒಬ್ಬ ಪ್ರಾಧ್ಯಾಪಕನ ಅಭಿಮಾನದಿಂದ ಅದು ಬೆಳೆಯುತ್ತದೆ, ಅವನ ನಿವೃತ್ತಿಯೊಂದಿಗೆ ಅನಾಥವಾಗುತ್ತದೆ. ನಾನು ಬಲ್ಲ ಒಂದು ಕಾಲೇಜಿನಲ್ಲಿ ಮದ್ಯಸಾರ ಆರಿಹೋದ ಜಾಡಿಗಳ ತಳದಲ್ಲಿ ತೊಗಲಿನ ಚೂರುಗಳೂ, ಹುಳು ತಿಂದ ಗುರುತುಚೀಟಿಗಳೂ ಉಳಿದಿದ್ದುವು. ಕೊಠಡಿ ಬೇಕಾಯಿತೆಂದು ಅವನ್ನೂ ಒಂದು ದಿನ ಹೊರಕ್ಕೆ ಹಾಕಿದರು. ಹಾಕಿದವರಿಗೆ ಅದು ಕಸ. ಅವರಿಗೆ ಬೇರೆ ಹೇಳಿಕೊಟ್ಟವರು ಯಾರು?

ನಾರಾಯಣರಾಯರ ಕಪ್ಪೆಗಳ ಗತಿಯೇನಾಯಿತು? ಹೆಸರುಂಟು, ವರ್ಣನೆಯುಂಟು, ತೋರಿಸುವುದಕ್ಕೆ ಕಪ್ಪೆಯಿಲ್ಲ. ಮುಂದಿನವರು ಮಲೆನಾಡಿನಲ್ಲಿ ಒಂದು ಕಪ್ಪೆಯನ್ನು ಹಿಡಿದಾಗ, ಇದು ರಾಯರು ವರ್ಣಿಸಿದ್ದೋ, ಅದರ ನೆರೆಯದೋ ಎಂದು ತೀರ್ಮಾನಿಸಲಾರದೆ ದಶಕಗಳ ಕಾಲ ತೊಳಲಾಡಿದರು. ೨೦೧೦ರಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯದ ಬಿಜು ಅವರು ಕಣ್ಮರೆಯಾದ ಭಾರತೀಯ ಕಪ್ಪೆಗಳನ್ನು ಹುಡುಕುವ ಆಂದೋಲನವನ್ನು ಆರಂಭಿಸಿದರು. ಮರುವರ್ಷ ಮತ್ತೆ ಸಿಕ್ಕಿದುವೆಂದು ಸಾರಿದ ಕಪ್ಪೆಗಳಲ್ಲಿ, ೧೯೩೭ರ ಬಳಿಕ ಸುಮಾರು ೭೩ ವರ್ಷ ಯಾರ ಕಣ್ಣಿಗೂ ಬಿದ್ದಿರದ ರಾಯರ ಒಂದು ಕಪ್ಪೆಯೂ ಇತ್ತು. ಅದೇ ೨೦೧೦ರಲ್ಲಿ ಪೊದೆಗಪ್ಪೆಗಳ ಒಂದು ದೊಡ್ಡ ಜಾತಿಗೆ ರಾಯರ ಸ್ಮರಣಾರ್ಥವಾಗಿ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ರಾಯರು ೧೯೬೦ರಲ್ಲಿ ತೀರಿಕೊಂಡಿದ್ದರು. ಅವರ ಜಾಡಿಗಳು ಹೋದುವು. ಮಲೆನಾಡಿನ ಮಳೆಗಾಲದ ರಾತ್ರಿಗಳಲ್ಲಿ ಅವರ ಹೆಸರನ್ನು ಹೊತ್ತ ಪುಟ್ಟ ಕಪ್ಪೆಗಳು ಪೊದೆಪೊದೆಯಲ್ಲಿಯೂ ಕೂಗುತ್ತಿವೆ.

ಮಲೆನಾಡೆಂದರೆ ಕಪ್ಪೆಗಳಿರುವುದು ಸಹಜ, ಅದರಲ್ಲೇನು ಎನ್ನಬಹುದು. ಈಗ ನಮ್ಮ ಬಯಲಿಗೆ ಬರೋಣ. ಬೆಂಗಳೂರಿನಿಂದ ಯಲಹಂಕವನ್ನು ದಾಟಿ ದೊಡ್ಡಬಳ್ಳಾಪುರದ ಮೇಲೆ ಗೌರಿಬಿದನೂರಿಗೆ ಹೋಗುವ ರಸ್ತೆಯಲ್ಲಿ ರಾಜಾನುಕುಂಟೆ ಎಂಬ ಊರು ಸಿಕ್ಕುತ್ತದೆ. ಆ ರಸ್ತೆಯಲ್ಲಿ ಓಡಾಡುವ ನಮ್ಮವರು ಅಲ್ಲಿ ಕಾಫಿಗೆ ಇಳಿದಿರಬಹುದು. ಪ್ರಕೃತಿಯ ಸೋಜಿಗಗಳಿಗಾಗಿ ಯಾರೂ ಇಳಿದಿರಲಾರರು. ಆ ಸೀಮೆಯ ಬೀಳುನೆಲದಲ್ಲಿ ಸಿಕ್ಕಿದ ಕಪ್ಪೆಯೊಂದನ್ನು ೨೦೨೦ರಲ್ಲಿ ದೀಪಕ್, ದಿನೇಶ್, ಓಹ್ಲರ್, ಕಾರ್ತಿಕ್ ಶಂಕರ್, ಚನ್ನಕೇಶವಮೂರ್ತಿ, ಆಶಾದೇವಿ ಎಂಬ ಆರು ಮಂದಿ ‘ಝೂಟ್ಯಾಕ್ಸ’ ಎಂಬ ಪತ್ರಿಕೆಯಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ಇವರಲ್ಲಿ ಓಹ್ಲರ್ ಅವರು ಪ್ಯಾರಿಸ್ ನಗರದ ಪ್ರಕೃತಿ ಸಂಗ್ರಹಾಲಯದವರು. ಉಳಿದವರು ನಮ್ಮ ದೇಶದವರು. ಇಟ್ಟ ಹೆಸರು ‘ಸ್ಫೀರೋಥೀಕ ಬೆಂಗಳೂರು’. ಲ್ಯಾಟಿನ್ ಪ್ರತ್ಯಯವನ್ನು ಅಂಟಿಸಿ ‘ಬೆಂಗಳೂರೆನ್ಸಿಸ್’ ಎಂದು ಮಾಡಲಿಲ್ಲ. ಊರಿನ ಹೆಸರನ್ನು ಊರಿನವರು ಹೇಳುವಂತೆಯೇ ಇಟ್ಟರು. ಹಾಗಿಡಲು ನಿಯಮದ ಒಪ್ಪಿಗೆಯುಂಟು. ನನಗಂತೂ ಇದು ಬಹಳ ಮೆಚ್ಚಿಕೆಯಾಯಿತು.

ಸ್ಫೀರೋಥೀಕ ಎಂಬ ಜಾತಿಯ ಹೆಸರು ೧೮೫೯ರದು, ಗ್ಯೂಂಥರ್ ಎಂಬ ಪಂಡಿತನು ಇಟ್ಟದ್ದು. ಗ್ರೀಕಿನಲ್ಲಿ ಗೋಳಕ್ಕೂ ಕರಡಿಗೆಗೂ ಇರುವ ಮಾತುಗಳು ಇದರಲ್ಲಿ ಸೇರಿವೆ. ಈ ಕಪ್ಪೆಯನ್ನು ಕಂಡವರಿಗೆ ಹೆಸರಿನ ಔಚಿತ್ಯ ಹೊಳೆಯದಿರದು. ಕುಳ್ಳಾದ, ದುಂಡಗಿನ ಮೈ, ಮೊಂಡು ಮೂತಿ, ಗಿಡ್ಡ ಹಿಂಗಾಲು. ಕೆರೆಯ ಕಪ್ಪೆಯಂತೆ ಮಾರುದ್ದ ನೆಗೆಯುವ ಶಕ್ತಿ ಇದಕ್ಕಿಲ್ಲ. ಅದಕ್ಕೆ ಬದಲಾಗಿ ದೇವರು ಇದರ ಎರಡು ಹಿಮ್ಮಡಿಗಳಲ್ಲಿಯೂ ಒಂದೊಂದು ಸಲಿಕೆಯನ್ನಿಟ್ಟಿದ್ದಾನೆ. ಗಟ್ಟಿಯಾದ, ಅಂಚು ಹರಿತವಾದ ಗಂಟು ಅದು. ನೆಲದಲ್ಲಿ ಇಳಿಯಬೇಕಾದರೆ ನಾವು ಎಣಿಸುವಂತೆ ತಲೆಯನ್ನು ಮುಂದೆಮಾಡಿ ತೋಡುವುದಿಲ್ಲ. ಕುಳಿತಲ್ಲಿಯೆ ಹಿಂಗಾಲುಗಳಿಂದ ಮಣ್ಣನ್ನು ಎಡಕ್ಕೂ ಬಲಕ್ಕೂ ಸರಿಸುತ್ತ, ಹಿಂದುಹಿಂದಕ್ಕೆ ಮುಳುಗುತ್ತದೆ. ಕಣ್ಣುಗಳು ಕೊನೆಗೆ ಮಾಯವಾಗುತ್ತವೆ. ಮೇಲೆ ಮಣ್ಣು ಮುಚ್ಚಿಕೊಂಡ ಬಳಿಕ ಅಲ್ಲೊಂದು ಜೀವವಿದೆಯೆಂದು ಹೇಳುವ ಗುರುತು ಯಾವುದೂ ಉಳಿಯದು.

ವರ್ಷಕ್ಕೆ ೭೦೦, ೭೫೦ ಮಿಲಿಮೀಟರು ಮಳೆ ಬೀಳುವ, ಅದರಲ್ಲಿಯೂ ಬಹುಭಾಗವನ್ನು ಶ್ರಾವಣದಿಂದ ಆಶ್ವಯುಜದವರೆಗಿನ ಕೆಲವೇ ವಾರಗಳಲ್ಲಿ ಕಾಣುವ ಸೀಮೆಯಲ್ಲಿ, ತೊಗಲಿನಿಂದ ಉಸಿರಾಡುವ ಜೀವಿ ಬದುಕಬೇಕಾದರೆ ಇನ್ನೇನು ಮಾಡಬೇಕು? ಬೇಸಗೆಯ ತಿಂಗಳುಗಳನ್ನು ಮಣ್ಣಿನ ಒಳಗಿನ ತೇವದಲ್ಲಿ ಮಿಸುಕದೆ ಕಳೆಯುತ್ತದೆ. ಮೊದಲ ದೊಡ್ಡ ಮಳೆಯ ರಾತ್ರಿ ಎದ್ದುಬರುತ್ತದೆ. ಬಯಲಿನಲ್ಲಿ ತಾತ್ಕಾಲಿಕವಾಗಿ ನಿಂತ ನೀರಿನಲ್ಲಿ ಗಂಡುಗಳು ಕೂಗುತ್ತವೆ, ಹೆಣ್ಣುಗಳು ಮೊಟ್ಟೆಯಿಡುತ್ತವೆ, ನೀರು ಇಂಗುವುದರೊಳಗೆ ಗೊದಮೊಟ್ಟೆಗಳು ಕಾಲು ಪಡೆದು ದಡಕ್ಕೆ ಬರಬೇಕು. ಬಾರದಿದ್ದರೆ ಕೆಸರಿನಲ್ಲಿ ಒಣಗಿ ಹೋಗುತ್ತವೆ. ಮಳೆಗೂ ಬಿಸಿಲಿಗೂ ನಡುವೆ ಓಡುವ ಈ ಪಂದ್ಯವನ್ನು ಪ್ರತಿವರ್ಷವೂ ನಮ್ಮ ಹೊಲಗಳ ಅಂಚಿನಲ್ಲಿ ಆಡುತ್ತಿರುತ್ತವೆ. ನಾವು ಕದ ಮುಚ್ಚಿಕೊಂಡು, ಇವತ್ತು ಕಪ್ಪೆಗಳ ಗಲಾಟೆ ಬಹಳ ಎಂದುಕೊಂಡು ಮಲಗುತ್ತೇವೆ.

ಋಗ್ವೇದದ ಏಳನೆಯ ಮಂಡಲದ ೧೦೩ನೆಯ ಸೂಕ್ತ ಕಪ್ಪೆಗಳನ್ನು ಕುರಿತದ್ದು. ವ್ರತವನ್ನು ಹಿಡಿದ ಬ್ರಾಹ್ಮಣರಂತೆ ವರ್ಷವೆಲ್ಲ ಮಲಗಿದ್ದು ಪರ್ಜನ್ಯನು ಬಂದಾಗ ಬಾಯಿಬಿಡುವ ಕಪ್ಪೆಗಳ ವರ್ಣನೆ ಅಲ್ಲಿದೆ. ಅದು ಮಳೆಯ ಪ್ರಾರ್ಥನೆಯೆಂದು ಕೆಲವರು, ವಿನೋದವೆಂದು ಕೆಲವರು ಪಾಶ್ಚಾತ್ಯ ಪಂಡಿತರು ಚರ್ಚಿಸಿದ್ದಾರೆ. ಎರಡರಲ್ಲಿ ಯಾವುದೇ ಆಗಲಿ, ಅದನ್ನು ಹೇಳಿದ ಋಷಿ ಕಪ್ಪೆಯನ್ನು ಕಣ್ಣಿಟ್ಟು ನೋಡಿದವನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮಳೆ ತಡವಾದ ವರ್ಷ ಕಪ್ಪೆಗಳಿಗೆ ಮದುವೆ ಮಾಡಿಸುವ ನಮ್ಮ ಹಳ್ಳಿಗರ ಪದ್ಧತಿಯೂ ಇದೇ ಅನುಭವದ ಇನ್ನೊಂದು ರೂಪವಿರಬೇಕು. ನಮ್ಮ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಮನೆಮಾತು. ಚಿಂತಾಮಣಿಯ ಕಡೆ ‘ಕಪ್ಪ’ ಎಂದರೂ ಗೌರಿಬಿದನೂರಿನ ಕಡೆ ‘ಕಪ್ಪೆ’ ಎಂದರೂ ಪ್ರಾಣಿ ಒಂದೇ, ಜಗಳಕ್ಕೆ ಅವಕಾಶವಿಲ್ಲ.

ಶಾಸ್ತ್ರಜ್ಞರಿಗೆ ಮಾತ್ರ ಜಗಳಕ್ಕೆ ಅವಕಾಶ ಬೇಕಾದಷ್ಟುಂಟು. ೧೭೯೯ರಲ್ಲಿ ಶ್ನೈಡರ್ ಎಂಬ ಜರ್ಮನ್ ಪಂಡಿತನು ಭಾರತದಿಂದ ಬಂದ ಈ ಬಗೆಯ ಕಪ್ಪೆಯೊಂದಕ್ಕೆ, ಗಿಡ್ಡ ತಲೆಯದು ಎಂದು ಅರ್ಥವಾಗುವ ‘ಬ್ರೆವಿಸೆಪ್ಸ್’ ಎಂಬ ಹೆಸರನ್ನಿಟ್ಟನು. ಆಮೇಲೆ ದೇಶದ ಉದ್ದಗಲದಲ್ಲಿ ಮಣ್ಣು ತೋಡುವ ದುಂಡು ಕಪ್ಪೆ ಕಂಡಲ್ಲೆಲ್ಲ ಬಹುಮಂದಿ ಅದೇ ಹೆಸರಿನ ಕೆಳಗೆ ಬರೆದುಬಿಟ್ಟರು. ಮೇಲುನೋಟಕ್ಕೆ ಎಲ್ಲವೂ ಒಂದೇ ಅಚ್ಚು. ಬೇರ್ಪಡಿಸುವವರಿಗೆ ತಾಳ್ಮೆಯೂ ಇಲ್ಲ, ಉಪಕರಣಗಳೂ ಇಲ್ಲ. ತಕ್ಕಡಿಯಲ್ಲಿ ಕಪ್ಪೆ ತೂಗಿದಂತೆ ಎಂಬ ಗಾದೆಯನ್ನು ಆ ಕಾಲದ ವರ್ಗೀಕರಣಕಾರರಿಗೆ ಧಾರಾಳವಾಗಿ ಹೇಳಬಹುದು. ಈಗ ಮೂರು ಬಗೆಯ ಸಾಕ್ಷ್ಯವನ್ನು ಕೂಡಿಸುತ್ತಾರೆ. ಮೂತಿಯಿಂದ ಹಿಂಬದಿಯವರೆಗಿನ ಉದ್ದ, ತಲೆಯ ಅಗಲ, ಕಣ್ಣಿನ ವ್ಯಾಸ, ಕಿವಿಯ ತಮಟೆ, ಬೆರಳ ನಡುವಣ ಜಾಲಪಾದ, ಹಿಮ್ಮಡಿಯ ಸಲಿಕೆ, ಇವುಗಳ ಅಳತೆ ಒಂದು. ಜೀವಕೋಶದೊಳಗಿನ ಅನುವಂಶಿಕ ದ್ರವ್ಯದ ಅಕ್ಷರಮಾಲೆಯನ್ನು ಓದಿ, ನೆರೆಯ ಪ್ರಭೇದಗಳ ಮಾಲೆಯೊಂದಿಗೆ ಹೋಲಿಸುವುದು ಎರಡು. ಯಾವುದು ಎಲ್ಲಿ ವಾಸಿಸುತ್ತದೆ ಎಂಬ ಭೂಗೋಳದ ವಿಚಾರ ಮೂರು. ಮೂರೂ ಒಂದೇ ಕಡೆಗೆ ಬೆರಳು ತೋರಿಸಿದರೆ ಮಾತ್ರ ಹೆಸರಿಡುವ ಧೈರ್ಯ ಮಾಡುತ್ತಾರೆ. ರಾಜಾನುಕುಂಟೆಯ ಕಪ್ಪೆ ಬ್ರೆವಿಸೆಪ್ಸ್ ಅಲ್ಲ, ಬೇರೆ ಎಂದು ಗೊತ್ತಾದುದು ಹೀಗೆ.

ಊರಿನ ಮಗ್ಗುಲಲ್ಲಿ ಹೊಸ ಪ್ರಭೇದ ಸಿಕ್ಕುವುದು ಇದೊಂದೇ ಸಲದ ಸೋಜಿಗವಲ್ಲ. ೨೦೧೬ರಲ್ಲಿ ಮಣಿಪಾಲದ ಜಂಬಿಟ್ಟಿಗೆಯ ಬಯಲಿನಿಂದ ‘ಮೈಕ್ರೋಹೈಲ ಲ್ಯಾಟರೈಟ್’ ಎಂಬ ಚಿಕ್ಕ ಕಪ್ಪೆ ವರ್ಣಿತವಾಯಿತು. ೨೦೧೮ರಲ್ಲಿ ಮಂಗಳೂರಿನ ಕೈಗಾರಿಕಾ ಪ್ರದೇಶದಿಂದ ‘ಮೈಕ್ರೋಹೈಲ ಕೊಡಿಯಾಲ್’. ಕೊಡಿಯಾಲವೆಂಬುದು ಕೊಂಕಣಿಯಲ್ಲಿ ಮಂಗಳೂರಿನ ಹೆಸರು. ಕಾಡಿನ ಕಡೆಗೆ ಹೋದರೆ, ೨೦೧೪ರಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನ ಸೀಮೆಯ ಒಂದು ಕಪ್ಪೆಗೆ ಗುರುರಾಜ ಮತ್ತು ಅವರ ಸಂಗಡಿಗರು ‘ಕುಂಬಾರ’ ಎಂದೇ ಹೆಸರಿಟ್ಟರು. ಅದರ ಗಂಡು, ಮೊಟ್ಟೆಗಳ ಮೇಲೆ ಕೈಯಿಂದ 
ಕೆಸರನ್ನು ಮೆತ್ತಿ ಕಾಪಾಡುತ್ತದೆ. ಲ್ಯಾಟಿನ್ ನಿಘಂಟನ್ನು ಹುಡುಕಿದ್ದರೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕುತ್ತಿರಲಿಲ್ಲ.

ಇಷ್ಟು ಸಂತೋಷದ ಮಾತಾಯಿತು. ಸ್ವಲ್ಪ ಕಳವಳದ ಮಾತೂ ಇದೆ. ಮೂಲಮಾದರಿಯ ದೇಹ ಜಾಡಿಯಲ್ಲಿ ಭದ್ರವಾಗಿರಬಹುದು. ಮೂಲಸ್ಥಳವನ್ನು ಯಾವ ಜಾಡಿಯಲ್ಲಿ ಇಡೋಣ? ೨೦೦೮ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಬೆಂಗಳೂರು ಉತ್ತರದ ಕಡೆಗೆ ಎಷ್ಟು ವೇಗದಿಂದ ಸರಿಯುತ್ತಿದೆಯೆಂಬುದನ್ನು ಬಲ್ಲವರಿಗೆ ನಾನು ವಿವರಿಸಬೇಕಾದುದಿಲ್ಲ. ಸರ್ಕಾರದ ಕಾಗದದಲ್ಲಿ ಬೀಳುಭೂಮಿಯೆಂದು ಬರೆದುದೆಲ್ಲ ಯಾರಿಗೂ ಬೇಡದ ನೆಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಕಾಡನ್ನು ಕಡಿದರೆ ಕೂಗುವವರುಂಟು. ಬೀಳನ್ನು ನಿವೇಶನವಾಗಿ ಹಂಚಿದರೆ ಅಭಿನಂದಿಸುತ್ತಾರೆ. ಆದರೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಮಲಗುವ ಕಪ್ಪೆಗೆ ಸಿಮೆಂಟು ಹಾಸಿದ ದಿನವೇ ಸಮಾಧಿ. ಮರದ ಮೇಲಿನ ಹಕ್ಕಿ ಹಾರಿಹೋಗಬಲ್ಲುದು. ಇದಕ್ಕೆ ಸುದ್ದಿಯೂ ತಲಪುವುದಿಲ್ಲ.

ನೀರಿನ ವಿಷಯವೂ ಸೂಕ್ಷ್ಮವಾದುದು. ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗಳನ್ನು ಮೀರಿ ಇಳಿದು, ಬಂದ ನೀರಿನಲ್ಲಿ ಫ್ಲೋರೈಡು ಸೇರಿ ಹಲ್ಲು ಮೂಳೆಗಳನ್ನು ಕೆಡಿಸುತ್ತಿರುವ ನಮ್ಮ ಜಿಲ್ಲೆಗೆ, ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೊಳವೆಗಳಲ್ಲಿ ತಂದು ಕೆರೆಗಳಿಗೆ ತುಂಬುವ ಯೋಜನೆ ನಡೆದಿದೆ. ಒಣಗಿದ ಕೆರೆಯಲ್ಲಿ ನೀರು ಕಂಡು ಸಂತೋಷಪಟ್ಟ ರೈತನನ್ನು ಆಕ್ಷೇಪಿಸುವ ಹಕ್ಕು ನಗರದಲ್ಲಿ ನಲ್ಲಿ ತಿರುಗಿಸುವ ಯಾರಿಗೂ ಇಲ್ಲ. ನಾನು ಆಕ್ಷೇಪಿಸುತ್ತಲೂ ಇಲ್ಲ. ಆದರೆ ಕೆರೆಗೆ ನೀರು ಬಂದರೆ ಕಪ್ಪೆಗೆ ಒಳ್ಳೆಯದಾಯಿತೆಂದು ಭಾವಿಸುವುದು ಅವಸರದ ತೀರ್ಮಾನ. ವರ್ಷವೆಲ್ಲ ನಿಂತ ನೀರಿನಲ್ಲಿ ಮೀನು ಬೆಳೆಯುತ್ತದೆ; ಮೀನಿರುವಲ್ಲಿ ಗೊದಮೊಟ್ಟೆ ಬದುಕುವುದು ದುರ್ಲಭ. ನೆಲಗಪ್ಪೆಗೆ ಬೇಕಾದುದು ಕೆರೆಯಲ್ಲ. ಕೆರೆಯ ಮೇಲುಗಡೆ ಹೊಲದ ಬದುವಿನ ಪಕ್ಕದಲ್ಲಿ, ಗುಂಡುತೋಪಿನ ತಗ್ಗಿನಲ್ಲಿ, ಗೋಮಾಳದ ಹಳ್ಳದಲ್ಲಿ ಕೆಲವೇ ವಾರ ನಿಂತು ಮಾಯವಾಗುವ ಮಳೆಯ ನೀರು. ಗೋಮಾಳಗಳ ಗತಿಯನ್ನು ಕೇಳುವವರು ಯಾರು?

ಚಿಕ್ಕಬಳ್ಳಾಪುರ ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟು ಸ್ವಂತ ಜಿಲ್ಲೆಯಾಯಿತು. ಜಿಲ್ಲೆಯೆಂದ ಮೇಲೆ ಕಛೇರಿಗಳು ಬಂದುವು, ನ್ಯಾಯಾಲಯಗಳು ಬಂದುವು, ದಫ್ತರದ ಕೊಠಡಿಗಳು ಬಂದುವು. ಜಮೀನಿನ ಪಹಣಿಯನ್ನು ಕಾಪಾಡುವಷ್ಟೇ ಜಾಗರೂಕತೆಯಿಂದ ಆ ಜಮೀನಿನ ಮೇಲೂ ಕೆಳಗೂ ಬದುಕುವ ಜೀವಿಗಳ ಮಾದರಿಗಳನ್ನು ಕಾಪಾಡುವ ಒಂದೇ ಒಂದು ಕೊಠಡಿ ಪ್ರತಿ ಜಿಲ್ಲೆಯಲ್ಲಿಯೂ ಇರಬೇಕೆಂಬುದು ನನ್ನ ಅಭಿಪ್ರಾಯ. ಒಬ್ಬ ಗುಮಾಸ್ತೆ, ಒಂದು ದಾಖಲೆ ಪುಸ್ತಕ, ಆರಿದ ಜಾಡಿಗೆ ವರ್ಷಕ್ಕೊಮ್ಮೆ ಮದ್ಯಸಾರ ತುಂಬುವಷ್ಟು ಹಣ, ಇಷ್ಟು ಸಾಕು. ಪ್ರಾಧ್ಯಾಪಕರು ಬರಲಿ, ಹೋಗಲಿ, ಕೊಠಡಿ ಉಳಿಯಬೇಕು. ನಾರಾಯಣರಾಯರಿಗೆ ದೊರೆಯದೆ ಹೋದ ಸೌಲಭ್ಯ ಇದು. ಇದಕ್ಕೆ ತಗಲುವ ವೆಚ್ಚ ಯಾವ ಸ್ವಾಗತ ಕಮಾನಿನ ವೆಚ್ಚಕ್ಕಿಂತಲೂ ಹೆಚ್ಚಾಗಲಾರದು.

ಪ್ರಾಣಿಗಳನ್ನು ಹಿಡಿದು ಜಾಡಿಗೆ ಹಾಕುವುದು ಶಾಸ್ತ್ರಜ್ಞರ ಕೆಲಸ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲಾದ ಕಟ್ಟುಪಾಡುಗಳಿವೆ. ತಮ್ಮಂಥ ಶ್ರೋತೃಗಳು ಮಾಡಬಹುದಾದುದು ಇನ್ನೊಂದುಂಟು. ಪ್ರತಿಯೊಂದು ಪ್ರಭೇದದ ಗಂಡು ಕಪ್ಪೆಗೂ ತನ್ನದೇ ಆದ ಕೂಗಿದೆ. ಹೆಣ್ಣು ತನ್ನವನನ್ನು ಗುರುತಿಸುವುದು ಅದರಿಂದ, ಈಗ ಶಾಸ್ತ್ರಜ್ಞರೂ ಅದರಿಂದ ಗುರುತಿಸತೊಡಗಿದ್ದಾರೆ. ಧ್ವನಿಯನ್ನು ಹಿಡಿದಿಡುವ ಯಂತ್ರ ಇಂದು ಪ್ರತಿಯೊಬ್ಬರ ಅಂಗಿಯ ಜೇಬಿನಲ್ಲಿಯೂ ಮೊಬೈಲ್ ಫೋನಿನ ರೂಪದಲ್ಲಿ ಕುಳಿತಿದೆ. ಮುಂಗಾರಿನ ಮೊದಲ ದೊಡ್ಡ ಮಳೆ ನಿಂತ ರಾತ್ರಿ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದ ಅಂಚಿನಲ್ಲೋ, ಗೌರಿಬಿದನೂರಿನ ಹೊಲದ ಬದುವಿನಲ್ಲೋ ಐದು ನಿಮಿಷ ನಿಂತು ಆ ಕೂಗನ್ನು ಹಿಡಿದು, ಸ್ಥಳವನ್ನೂ ತಾರೀಖನ್ನೂ ಹೊತ್ತನ್ನೂ ಬರೆದಿಟ್ಟುಕೊಳ್ಳಿ. ಸ್ಥಳವೆಂದರೆ ತಾಲ್ಲೂಕಿನ ಹೆಸರು ಸಾಲದು. ಊರು, ಊರಿನ ಯಾವ ದಿಕ್ಕು, ಯಾವ ಕೆರೆಯ ಮೇಲುಗಡೆ ಎಂದು ಬರೆಯಬೇಕು. ಬ್ಯಾಟರಿಯ ದೀಪವನ್ನು ಮಾತ್ರ ನೀರಿನ ಮೇಲೆ ಬಿಡಬೇಡಿ; ಬೆಳಕು ಬಿದ್ದೊಡನೆ ಅವು ಸುಮ್ಮನಾಗಿಬಿಡುತ್ತವೆ.